ಮೂರನೆಯ ಧಾರಾ

ನಮ್ಮ ಗುಡ್ಡದ ಮಾತಿನಲ್ಲಿ
ಕಲ್ಲಿನ ಬಾಯಿಂದ ಬೀಳುವ ನೀರಿಗೆ ಧಾರಾ ಎನ್ನುತ್ತೇವೆ.
ಕಾನೂನಿನ ಕಲಮಿಗೂ ಧಾರಾ ಎಂದೇ ಹೆಸರೆಂದು
ನನಗೆ ತಿಳಿದದ್ದು ನೀಲಶೋಭಾ ತುಲಾಧರ್ ಬಂದ ದಿನ:
ಕಾಠ್ಮಂಡುವಿನಿಂದ ಎರಡು ದಿನ ಬಸ್ಸು, ಒಂದು ದಿನ ನಡಿಗೆ,
ಕಂಕುಳಲ್ಲಿ ಸುತ್ತಿದ ಚಿತ್ರಪಟ.

ಧಾರಾ ಮೂರು, ಎಂದು ಶುರುಮಾಡಿದಳು.
ಮೂರನೆಯದು ಬತ್ತಿಹೋಗಿದೆ ಕಣಮ್ಮ, ಅಂದಳು
ಮೆಕ್ಕೆಜೋಳ ಬಿಡಿಸುತ್ತಿದ್ದ ಮುದುಕಿ ದಿಲ್‌ಸರಾ,
ಗುಡ್ಡ ಕುಸಿದ ವರ್ಷದಿಂದ; ಕೆಳಗಿನ ಎರಡಕ್ಕೆ ಹೋಗು.
ಎಲ್ಲರೂ ನಕ್ಕೆವು. ಆ ವರ್ಷ
ಊರು ಒಟ್ಟಿಗೆ ನಕ್ಕದ್ದು ಅದೊಂದೇ ಸಲ ಇರಬೇಕು.

ನಗು ಮುಗಿಯುವವರೆಗೆ ಕಾದು ಓದಿದಳು:
ಆಯುಧ ಕೆಳಗಿಟ್ಟವನನ್ನು, ಗಾಯಗೊಂಡು ಬಿದ್ದವನನ್ನು,
ಕಾಯಿಲೆಯವನನ್ನು, ಕೈಕಟ್ಟಿ ಕೂರಿಸಿದವನನ್ನು
ಕೊಲ್ಲಬಾರದು, ಹಿಂಸಿಸಬಾರದು, ಒತ್ತೆ ಇಡಬಾರದು,
ಮಾನ ಕಳೆಯಬಾರದು,
ನ್ಯಾಯಾಲಯವಿಲ್ಲದೆ ಶಿಕ್ಷೆ ಹೇಳಬಾರದು.
ಗಾಯಾಳುಗಳನ್ನು ಎತ್ತಿ ತಂದು ಆರೈಕೆ ಮಾಡಬೇಕು.
ಯಾರು, ಎಂದೆ. ಇಬ್ಬರೂ, ಎಂದಳು.
ಒಂದೇ ದೇಶದವರು ತಮ್ಮೊಳಗೇ ಬಡಿದಾಡಿದರೂ?
ಆಗಲೇ. ಇದನ್ನು ಬರೆದದ್ದೇ ಅದಕ್ಕೆ.
ನೀರು ಕೊಟ್ಟ ಮಾತ್ರಕ್ಕೆ ನೆಂಟಸ್ತಿಕೆ ಒಪ್ಪಿದಂತಲ್ಲ,
ಅದೂ ಇದೆಯಂತೆ ಕೊನೆಯ ಸಾಲಲ್ಲಿ, ಬೇರೆ ಮಾತಿನಲ್ಲಿ.

ಬಾಗಿಲಿಗೆ ಒರಗಿ ನಿಂತಿದ್ದ ಕಪ್ತಾನ ಸಭ್ಯ ಮನುಷ್ಯ.
ಓದಿ ಮೇಡಂ, ಒಳ್ಳೆಯದೇ; ಆದರೆ ಇಲ್ಲಿ ಯುದ್ಧವೆಲ್ಲಿದೆ?
ನಾಲ್ಕು ಜನ ಪುಂಡರು. ಇದು ಗಲಭೆ.

ಗಲಭೆ. ನಾನು ಮನಸ್ಸಿನಲ್ಲೇ ರಿಜಿಸ್ಟರು ತಿರುವಿದೆ:
ಚೈತದಲ್ಲಿ ಹನ್ನೊಂದು, ಬೈಸಾಖದಲ್ಲಿ ಹತ್ತೊಂಬತ್ತು,
ಜೇಠದಲ್ಲಿ ಬರೆಯಲು ಪುರುಸೊತ್ತಾಗಲಿಲ್ಲ.
ಗಲಭೆ ಎಲ್ಲಿ ಮುಗಿದು ಯುದ್ಧ ಶುರುವಾಗುತ್ತದೆ,
ಎಷ್ಟನೆಯ ಹೆಣದ ಮೇಲೆ ಗೆರೆ ಎಳೆಯುತ್ತಾರೆ?
ಕಾಡಿನವರದು ಇನ್ನೊಂದು ಮಾತು:
ಯುದ್ಧ ಹೌದು, ಕಾನೂನು ಮಾತ್ರ ನಿಮ್ಮ ದೊರೆಯದು,
ನಾವು ಸಹಿ ಹಾಕಿಲ್ಲ.
ಅವರಿಗೆ ಯುದ್ಧವಿಲ್ಲ, ಇವರಿಗೆ ಕಾನೂನಿಲ್ಲ,
ನಡುವೆ ನನ್ನ ಬಳಿ ಹತ್ತಿಯಿಲ್ಲ, ಅಯೋಡಿನ್ ಇಲ್ಲ.

ಅಸಾರದ ಒಂದು ರಾತ್ರಿ ಹವಾಲ್ದಾರನನ್ನು ತಂದರು,
ಕಿತ್ತ ಬಾಗಿಲಿನ ಮೇಲೆ, ಹೊಟ್ಟೆ ಹಿಡಿದುಕೊಂಡಿದ್ದ.
ಗಂಟೆ ಕಳೆದು, ಗದ್ದೆಯ ಅಂಚಿನಲ್ಲಿ ಸಿಕ್ಕ ಹುಡುಗನನ್ನು:
ತೊಡೆಯಲ್ಲಿ ಗುಂಡು, ಸೊಂಟದಲ್ಲಿ ಖಾಲಿ ಪಟ್ಟಿ.
ಒಂದು ಲಾಟೀನು. ಒಂದೇ ಸಲೈನ್ ಬಾಟಲಿ.
ಅರ್ಧರ್ಧ ಹಾಕಿದೆ.
ಇವನ ಹಲ್ಲಿನ ಸದ್ದಿಗೆ ನಿದ್ದೆ ಬರುತ್ತಿಲ್ಲ, ಎಂದು ಬೈದು
ಹವಾಲ್ದಾರ ಕಂಬಳಿಯನ್ನು ಕಾಲಲ್ಲಿ ಆಚೆ ತಳ್ಳಿದ.
ಬೆಳಗಿನ ಜಾವ ತೀರಿಕೊಂಡ.
ಬಿಸಿಲು ಬಿದ್ದ ಮೇಲೆ ಹುಡುಗನನ್ನು ಎಬ್ಬಿಸಿದರು.
ನಡೆಯಲಾರ, ಎಂದೆ.
ನಡೆಸುತ್ತೇವೆ, ಎಂದರು.

ಹದಿನಾರು ವರ್ಷ.
ಈಗ ಅವನ ತಾಯಿ ಸಿರಿಮಾಲಾ ರೋಕಾ ಬಂದಿದ್ದಾಳೆ,
ಜೊತೆಗೊಬ್ಬ ವಕೀಲ. ಆಯೋಗಕ್ಕೆ ಕಾಗದ ಬೇಕಂತೆ.
ಹಿಟ್ಟಿನ ಡಬ್ಬಿಯ ತಳದಿಂದ ರಿಜಿಸ್ಟರು ತೆಗೆದೆ.
ಯಾವ ಕಡೆಯವನು ಎಂಬ ಕಾಲಮ್ಮು ಅದರಲ್ಲಿಲ್ಲ.
ಹೆಸರು: ಹೇಳಲಿಲ್ಲ. ವಯಸ್ಸು: ಹದಿನೇಳಿರಬಹುದು.
ಗಾಯ: ಎಡತೊಡೆ. ಷರಾ: ಕೈಯಲ್ಲಿ ಏನೂ ಇರಲಿಲ್ಲ.
ನರ ಹುಡುಕುವಾಗ ಬರೆದದ್ದು;
ಗಡಿಯಾರ, ಉಂಗುರ ಇದ್ದರೆ ತೆಗೆದಿಡಬೇಕಲ್ಲ, ಆ ಲೆಕ್ಕಕ್ಕೆ.
ವಕೀಲ ಆ ಮೂರು ಪದಗಳ ಕೆಳಗೆ ಪೆನ್ಸಿಲಿನಿಂದ ಗೀಟೆಳೆದ.
ಇದೇ, ಎಂದ. ಧಾರಾ ಮೂರು.

ಅವಳಿಗೆ ಓದು ಬಾರದು.
ಗೀಟಿನ ಮೇಲೆ ಬೆರಳಿಟ್ಟು ಕೇಳಿದಳು: ನೀರು ಕೇಳಿದನಾ?

ಕೇಳಿದ್ದ. ಹೊಟ್ಟೆಯ ಗಾಯದವನಿಗೆ ಕೊಡಬಾರದಿತ್ತು,
ಇವನಿಗೆ ಕೊಡಬಹುದಿತ್ತು.
ಅವನೂ ಕೇಳುತ್ತಿರುವಾಗ ಇವನಿಗೊಬ್ಬನಿಗೆ ಹೇಗೆ ಕೊಡಲಿ ಎಂದು
ಬೆಳಗಾಗಲಿ ಅಂದಿದ್ದೆ.

ಅದು ರಿಜಿಸ್ಟರಿನಲ್ಲಿಲ್ಲ.